ಜಮೀನಿನ ನಕ್ಷೆಯಲ್ಲಿ ಬಿಂದುಗಳನ್ನು ನಿಖರವಾಗಿ ಗುರುತಿಸುವ ಕ್ರಮ: ಅರ್ಜಿದಾರರ ಮಾಹಿತಿಗಾಗಿ

ಸರ್ವೆ ನಂಬರಿನ ಒಂದು ಭಾಗವನ್ನು ಮಾರಾಟ, ದಾನ ಅಥವಾ ವಿಭಾಗ ಮಾಡಿಕೊಳ್ಳುವ ಸಾರ್ವಜನಿಕರು ದಸ್ತಾವೇಜಿನ ನೋಂದಣಿಗೆ ಮುನ್ನ 11ಇ ನಕ್ಷೆಯನ್ನು ಪಡೆಯಬೇಕಾಗಿರುತ್ತದೆ. ಭೂಮಾಪಕರು ಸ್ಥಳದಲ್ಲಿ ತೆಗೆದುಕೊಂಡ ಅಳತೆಗಳನ್ನು ಗಣಕಯಂತ್ರದ ನಕ್ಷಾ ತಂತ್ರಾಂಶದಲ್ಲಿ ದಾಖಲಿಸಿ ನಕ್ಷೆ ಸಿದ್ಧಪಡಿಸುವುದು ಈಗ ರೂಢಿಯಲ್ಲಿದೆ. ನಕ್ಷೆಯ ಪ್ರತಿಯೊಂದು ಮೂಲೆಯೂ ಒಂದು ಬಿಂದು. ಬಿಂದು ಸರಿದರೆ ಗಡಿ ಸರಿಯುತ್ತದೆ. ಗಡಿ ಸರಿದರೆ ವಿಸ್ತೀರ್ಣ ಬದಲಾಗುತ್ತದೆ. ಹೊನ್ನಾವರ ತಾಲ್ಲೂಕಿನ ಕರ್ಕಿಯಂತಹ ಕರಾವಳಿ ಗ್ರಾಮಗಳಲ್ಲಿ ತೋಟ, ಗದ್ದೆಗಳ ಹಿಸ್ಸೆಗಳು ಗುಂಟೆ ಹಾಗೂ ಆಣೆಗಳ ಲೆಕ್ಕಕ್ಕೆ ಇಳಿದಿರುವುದರಿಂದ, ಒಂದೆರಡು ಮೀಟರಿನ ವ್ಯತ್ಯಾಸವೂ ಅಣ್ಣತಮ್ಮಂದಿರ ನಡುವಣ ವ್ಯಾಜ್ಯಕ್ಕೆ ಕಾರಣವಾಗಬಲ್ಲದು. ಆದುದರಿಂದ ಬಿಂದುಗಳನ್ನು ಗುರುತಿಸುವ ಕ್ರಮವನ್ನು ಅರ್ಜಿದಾರರೂ ತಿಳಿದಿರುವುದು ಸೂಕ್ತ.

ಮೂಲ ದಾಖಲೆಯ ಅಳತೆ

ಉತ್ತರ ಕನ್ನಡ ಜಿಲ್ಲೆಯು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿ, 1956ರವರೆಗೆ ಅಲ್ಲಿಯೇ ಇದ್ದಿತು. ಈ ಕಾರಣ ಇಲ್ಲಿನ ಮೂಲ ಸರ್ವೆ ಮುಂಬಯಿ ಪದ್ಧತಿಯದು. ಭಟ್ಕಳ ದಾಟಿ ಶಿರೂರು ಕಡೆಗೆ ಹೋದರೆ ಜನರು ಸೆಂಟ್ಸ್ ಲೆಕ್ಕದಲ್ಲಿ ಮಾತನಾಡುವುದು, ಕರ್ಕಿಯಲ್ಲಿ ಗುಂಟೆ ಎನ್ನುವುದು ಈ ಇತಿಹಾಸದಿಂದಲೇ. ಒಂದು ಗುಂಟೆ ಎಂದರೆ ಎರಡೂವರೆ ಸೆಂಟ್ಸ್.

ಮುಂಬಯಿ ಪದ್ಧತಿಯ ಸರಪಳಿ 33 ಅಡಿ, ಅಂದರೆ 10.0584 ಮೀಟರ್ ಉದ್ದವಿದ್ದು, 16 ಆಣೆಗಳಾಗಿ ವಿಭಾಗಿಸಲ್ಪಟ್ಟಿದೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಗುಂಟೆ: 1089 ಚದರ ಅಡಿ. ಹಳೆಯ ಟಿಪ್ಪಣಿಯಲ್ಲಿ ಒಂದು ಆಧಾರ ರೇಖೆಯನ್ನು ಹಿಡಿದು, ಅದರ ಮೇಲೆ ಇಂತಿಷ್ಟು ದೂರ ಸಾಗಿದ ನಂತರ ಎಡಕ್ಕೆ ಅಥವಾ ಬಲಕ್ಕೆ ಇಂತಿಷ್ಟು ಲಂಬ ಅಳತೆ ಎಂದು ಮೂಲೆಗಳನ್ನು ದಾಖಲಿಸಲಾಗಿರುತ್ತದೆ.

ಅತಿ ಸಾಮಾನ್ಯವಾದ ತಪ್ಪು ಇಲ್ಲಿಯೇ ಆಗುತ್ತದೆ. ಉದಾಹರಣೆಗೆ, ಟಿಪ್ಪಣಿಯಲ್ಲಿ 2 ಸರಪಳಿ 4 ಆಣೆ ಎಂದಿದ್ದರೆ ಅದು ಎರಡೂಕಾಲು ಸರಪಳಿ, ಅಂದರೆ 22.63 ಮೀಟರ್. ಅದನ್ನು ದಶಮಾಂಶವೆಂದು ಭಾವಿಸಿ 2.4 ಸರಪಳಿ ಎಂದು ನಮೂದಿಸಿದಲ್ಲಿ 24.14 ಮೀಟರ್ ಆಗುತ್ತದೆ. ವ್ಯತ್ಯಾಸ ಒಂದೂವರೆ ಮೀಟರ್. 30 ಮೀಟರ್ ಉದ್ದದ ಗಡಿಯೊಂದು ಇಷ್ಟು ಸರಿದರೆ 45 ಚದರ ಮೀಟರ್, ಅಂದರೆ ಅರ್ಧ ಗುಂಟೆಗೆ ತುಸು ಕಡಿಮೆ ಜಾಗ ಒಬ್ಬರಿಂದ ಇನ್ನೊಬ್ಬರಿಗೆ ಹೋಗುತ್ತದೆ. ತಂತ್ರಾಂಶವು ಈ ತಪ್ಪನ್ನು ಹಿಡಿಯಲಾರದು. ಕೊಟ್ಟ ಅಂಕೆಯನ್ನು ಅದು ನಿಷ್ಠೆಯಿಂದ ಬರೆಯುತ್ತದೆ.

ತಂತ್ರಾಂಶದಲ್ಲಿ ಬಿಂದು ಇಡುವ ಬಗೆ

ಆಟೊಕ್ಯಾಡ್ ಮುಂತಾದ ತಂತ್ರಾಂಶಗಳಲ್ಲಿ ಮೌಸ್‌ನಿಂದ ಕಣ್ಣಂದಾಜಿನಲ್ಲಿ ಬಿಂದು ಇಡಲು ಸಾಧ್ಯವಿದ್ದರೂ ಗಡಿ ನಕ್ಷೆಗೆ ಅದು ಸಲ್ಲದು. ಅಂಕೆಗಳನ್ನು ಬೆರಳಚ್ಚಿಸಿಯೇ ಬಿಂದುವನ್ನು ಇಡತಕ್ಕದ್ದು. ಮೊದಲ ಬಾಂದುಕಲ್ಲನ್ನು 0,0 ಎಂದು ಇರಿಸಿಕೊಂಡು, ಆಧಾರ ರೇಖೆಯನ್ನು ಅಡ್ಡಲಾಗಿ ಎಳೆದಲ್ಲಿ, ಮೇಲೆ ಹೇಳಿದ 2 ಸರಪಳಿ 4 ಆಣೆ ದೂರದಲ್ಲಿ ಎಡಕ್ಕೆ 1 ಸರಪಳಿ 2 ಆಣೆ ಇರುವ ಮೂಲೆಯು 22.631,11.316 ಆಗುತ್ತದೆ. ಹಿಂದಿನ ಬಿಂದುವಿನಿಂದ ಎಣಿಸಬೇಕಾದಾಗ ಅಂಕೆಗಳ ಮುಂದೆ @ ಚಿಹ್ನೆಯನ್ನು ಹಾಕಲಾಗುತ್ತದೆ. ದೂರ ಮತ್ತು ಕೋನ ತಿಳಿದಿದ್ದರೆ ಅವುಗಳ ನಡುವೆ < ಚಿಹ್ನೆ ಬರುತ್ತದೆ. ಕೋನದ ವಿಷಯದಲ್ಲಿ ಎಚ್ಚರ ಅಗತ್ಯ. ಭೂಮಾಪಕರು ಉತ್ತರದಿಂದ ಪ್ರದಕ್ಷಿಣವಾಗಿ ಎಣಿಸಿದರೆ, ತಂತ್ರಾಂಶವು ಬದಲಾಯಿಸದ ಹೊರತು ಪೂರ್ವದಿಂದ ಅಪ್ರದಕ್ಷಿಣವಾಗಿ ಎಣಿಸುತ್ತದೆ. ಸ್ಥಳದ 30 ಡಿಗ್ರಿ ಅಲ್ಲಿ 60 ಡಿಗ್ರಿ.

ಈಗಾಗಲೇ ಇರುವ ಮೂಲೆಗೆ ಹೊಸ ಗೆರೆಯನ್ನು ಸೇರಿಸುವಾಗ ಆಬ್ಜೆಕ್ಟ್ ಸ್ನ್ಯಾಪ್ ಸೌಲಭ್ಯವನ್ನು ಬಳಸಬೇಕು. ಇದು ಗೆರೆಯ ತುದಿ, ಮಧ್ಯ ಅಥವಾ ಛೇದನ ಬಿಂದುವನ್ನೇ ಹಿಡಿಯುತ್ತದೆ. ಇದಿಲ್ಲದೆ ಎಳೆದ ಗೆರೆಗಳು ಪರದೆಯ ಮೇಲೆ ಕೂಡಿದಂತೆ ಕಂಡರೂ ಹಿಗ್ಗಿಸಿ ನೋಡಿದಾಗ ಬಿರುಕು ಇರುತ್ತದೆ. ಎರಡು ಹಿಸ್ಸೆಗಳ ನಡುವೆ ಹೀಗೆ ಉಳಿಯುವ ಸೀಳು ಯಾರ ಪಹಣಿಗೂ ಸೇರುವುದಿಲ್ಲ.

ಮೊಬೈಲ್‌ನ ಅಂಕೆಗಳು

ಕೆಲವರು ಮೊಬೈಲ್ ದೂರವಾಣಿ ತೋರಿಸಿದ ಅಕ್ಷಾಂಶ, ರೇಖಾಂಶಗಳನ್ನು ಬರೆದು ತರುತ್ತಾರೆ. ಅಕ್ಷಾಂಶದ ಒಂದು ಸೆಕೆಂಡ್ ಸುಮಾರು 31 ಮೀಟರ್‌ಗೆ ಸಮ. ಡಿಗ್ರಿಯನ್ನು ದಶಮಾಂಶದ ನಾಲ್ಕು ಸ್ಥಾನಗಳವರೆಗೆ ಬರೆದರೂ ಉಳಿಯುವ ಹೆಜ್ಜೆ 11 ಮೀಟರ್, ಅಂದರೆ ಒಂದು ಸರಪಳಿಗಿಂತ ಹೆಚ್ಚು. ಸ್ಥಾನಗಳನ್ನು ಹೆಚ್ಚಿಸಿದರೂ ಬಯಲಿನಲ್ಲಿ ಮೊಬೈಲ್‌ನ ಗ್ರಹಣವೇ ಹಲವು ಮೀಟರ್ ತಪ್ಪಬಹುದು. ತೆಂಗು, ಅಡಿಕೆ ಮರಗಳ ಕೆಳಗೆ ಇನ್ನೂ ಹೆಚ್ಚು. ಜಾಗ ಎಲ್ಲಿದೆ ಎಂದು ತೋರಿಸಲು ಇದು ಸಾಕು, ಗಡಿ ನಿಶ್ಚಯಿಸಲು ಸಾಲದು. ಭಾರತೀಯ ಸರ್ವೇಕ್ಷಣ ಇಲಾಖೆಯ ಸ್ಥಿರ ಕೇಂದ್ರಗಳ ಜಾಲವನ್ನು ಆಧರಿಸಿದ ರೋವರ್ ಉಪಕರಣ ಕೆಲವೇ ಸೆಂಟಿಮೀಟರ್ ನಿಖರತೆ ನೀಡುತ್ತದೆ. ಅದಕ್ಕೂ ತೆರೆದ ಆಕಾಶ ಬೇಕು. ದಟ್ಟ ತೋಟದಲ್ಲಿ ಟೋಟಲ್ ಸ್ಟೇಷನ್ ಬಳಸುವುದು ಈ ಕಾರಣಕ್ಕಾಗಿ.

ಡಿಗ್ರಿಗಳನ್ನು ನೇರವಾಗಿ ನಕ್ಷೆಗೆ ಹಾಕಲಾಗದು, ಮೀಟರ್‌ಗೆ ಪರಿವರ್ತಿಸಬೇಕು. ಕರ್ಕಿಯು ಯುಟಿಎಂ ಪದ್ಧತಿಯ 43ನೇ ಉತ್ತರ ವಲಯದಲ್ಲಿದ್ದು, ಪೂರ್ವದ ಅಂಕೆ 4 ಲಕ್ಷ 30 ಸಾವಿರಕ್ಕೂ ಮೇಲೆ, ಉತ್ತರದ ಅಂಕೆ 15 ಲಕ್ಷ 80 ಸಾವಿರದ ಆಸುಪಾಸು ಬರುತ್ತದೆ. ಇವೆರಡು ಅದಲುಬದಲಾಗಿದ್ದರೆ ನೋಡಿದೊಡನೆ ತಿಳಿಯುತ್ತದೆ.

ಅರ್ಜಿದಾರರು ಗಮನಿಸಬೇಕಾದುದು

ಅಳತೆಯ ದಿನ ಅರ್ಜಿದಾರರು ಹಾಜರಿದ್ದು ಬಾಂದುಕಲ್ಲುಗಳನ್ನು ತೋರಿಸತಕ್ಕದ್ದು. ಗಜನಿ ಭೂಮಿಯಲ್ಲಿ ಬದುಗಳು ಉಪ್ಪುನೀರಿಗೆ ಒಡೆದು ಮತ್ತೆ ಕಟ್ಟಲ್ಪಡುವುದರಿಂದ ಈಗಿನ ಬದುವೇ ಗಡಿಯೆಂದು ಭಾವಿಸಲಾಗದು. ದೂರದ ಸ್ಥಿರ ಕಲ್ಲಿನಿಂದ ಅಳೆಯುವಂತೆ ಕೋರಬಹುದು. ನಕ್ಷೆ ಕೈಸೇರಿದ ಮೇಲೆ ಕನಿಷ್ಠ ಎರಡು ಬದಿಗಳನ್ನು ಟೇಪಿನಿಂದ ಅಳೆದು ನಕ್ಷೆಯ ಅಂಕೆಗಳೊಡನೆ ಹೋಲಿಸಬೇಕು. ಒಂದು ಕರ್ಣವನ್ನೂ ಅಳೆದರೆ ಒಳ್ಳೆಯದು. ನಾಲ್ಕು ಬದಿಗಳು ಸರಿಯಿದ್ದೂ ಆಕೃತಿ ವಾಲಿರುವುದುಂಟು. ಟಿಪ್ಪಣಿಯ ಅಳತೆ ಆಣೆಗಳಲ್ಲಿದ್ದು, ಒಂದು ಆಣೆ ಸುಮಾರು 63 ಸೆಂಟಿಮೀಟರ್ ಆಗಿರುವುದರಿಂದ, ಹಳೆಯ ದಾಖಲೆಯೊಂದಿಗೆ ಅಂಗೈಯಗಲದ ಅಂತರ ಬಂದರೆ ಆತಂಕಪಡಬೇಕಾಗಿಲ್ಲ. ಅದಕ್ಕೂ ಮೀರಿದ ವ್ಯತ್ಯಾಸ ಕಂಡಲ್ಲಿ, ದಸ್ತಾವೇಜು ನೋಂದಾಯಿಸುವ ಮೊದಲೇ, ಟಿಪ್ಪಣಿಯ ದೃಢೀಕೃತ ಪ್ರತಿಯೊಂದಿಗೆ ಹೊನ್ನಾವರದ ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಛೇರಿಗೆ ಲಿಖಿತವಾಗಿ ತಿಳಿಸತಕ್ಕದ್ದು.