ಪ್ರಶಸ್ತಿಯ ಬಳಿಕ ಶಿಷ್ಯತ್ವ

ಚಿತ್ರ ಬರೆಯುವುದರಲ್ಲಿ ಆಸಕ್ತಿಯುಳ್ಳ ಮಕ್ಕಳನ್ನು ಮುಂದೆ ಏನಾಗುವಿರಿ ಎಂದು ಕೇಳಿದರೆ, ಈಚೆಗೆ ಅನೇಕರ ಬಾಯಲ್ಲಿ ಅನಿಮೇಷನ್ ಎಂಬ ಉತ್ತರ ಬರುತ್ತದೆ. ಹೆತ್ತವರು ಕೂಡಲೇ ಯಾವ ಕಂಪ್ಯೂಟರ್ ಬೇಕು, ಯಾವ ಸಾಫ್ಟ್‌ವೇರ್ ಕಲಿಯಬೇಕು, ಶುಲ್ಕವೆಷ್ಟು ಎಂದು ವಿಚಾರಿಸತೊಡಗುತ್ತಾರೆ. ಅದು ಸಹಜವೇ. ಆದರೆ ಈ ವಿದ್ಯೆಯಲ್ಲಿ ಹೆಸರಾದವರ ಬದುಕನ್ನು ಓದುತ್ತ ಹೋದಂತೆ, ಯಂತ್ರದ ಮಾತು ಬಹಳ ಹಿಂದಕ್ಕೆ ಸರಿದು ಮತ್ತೊಂದು ಸಂಗತಿ ಮುಂದೆ ಬಂದು ನಿಲ್ಲುತ್ತದೆ: ತಾನು ಬರೆದುದನ್ನು ಬಲ್ಲವರೊಬ್ಬರ ಮುಂದಿಟ್ಟು, ಅವರು ಹೇಳುವುದನ್ನು ಕೊನೆಯವರೆಗೆ ಕೇಳಿಸಿಕೊಳ್ಳುವ ಎದೆಗಾರಿಕೆ. ಇದಕ್ಕೆ ರಿಚರ್ಡ್ ವಿಲಿಯಮ್ಸ್ ಎಂಬ ಕಲಾವಿದನ ಕಥೆಗಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ವಿಲಿಯಮ್ಸ್ ಜನಿಸಿದ್ದು 1933ರಲ್ಲಿ, ಕೆನಡಾದ ಟೊರೊಂಟೊ ನಗರದಲ್ಲಿ. ತಾರುಣ್ಯದಲ್ಲಿಯೇ ಲಂಡನ್ನಿಗೆ ಬಂದು ನೆಲೆಸಿದ ಆತ, ಸತ್ಯ, ಒಳಿತು, ಸೌಂದರ್ಯ ಎಂಬ ಮೂರು ಪಾತ್ರಗಳು ಒಂದು ಪುಟ್ಟ ದ್ವೀಪದಲ್ಲಿ ಪರಸ್ಪರ ಹೊಂದಿಕೊಳ್ಳಲಾರದೆ ಹೋಗುವ ಕಥೆಯನ್ನು ಮಾತೇ ಇಲ್ಲದ ಅರ್ಧ ಗಂಟೆಯ ಚಿತ್ರವಾಗಿ ರೂಪಿಸಿದರು. ‘ದ ಲಿಟ್ಲ್ ಐಲೆಂಡ್’ ಎಂಬ ಆ ಚಿತ್ರ 1958ರಲ್ಲಿ ತೆರೆಕಂಡು ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯನ್ನು ಗಳಿಸಿತು. ಆಗ ಅವರಿಗೆ ಇಪ್ಪತ್ತೈದು ವರ್ಷ. ಮುಂದೆ ಸ್ವಂತ ಸ್ಟುಡಿಯೋ ತೆರೆದರು. ಜಾಹೀರಾತುಗಳು, ಚಲನಚಿತ್ರಗಳ ಆರಂಭದ ಶೀರ್ಷಿಕೆಗಳು ಎಂದು ಕೈತುಂಬ ಕೆಲಸ ಬಂತು. ಪ್ರಶಸ್ತಿಗಳೂ ಸಾಲುಸಾಲಾಗಿ ಬಂದವು. ಹೊರಗಿನಿಂದ ನೋಡುವವರಿಗೆ ಅವರು ಕಲಿಯುವುದನ್ನು ಎಂದೋ ಮುಗಿಸಿದ್ದರು.

1967ರಲ್ಲಿ ಡಿಸ್ನಿ ಸಂಸ್ಥೆಯ ‘ದ ಜಂಗಲ್ ಬುಕ್’ ಬಿಡುಗಡೆಯಾಯಿತು. ನಮ್ಮ ದೇಶದ ಕಾಡಿನಲ್ಲಿ ನಡೆಯುವ ಕಥೆ ಅದು. ಮೋಗ್ಲಿ, ಬಾಲೂ, ಶೇರ್ ಖಾನ್ ಇವರನ್ನು ಅರಿಯದ ಮಕ್ಕಳಿಲ್ಲ. ಆವರೆಗೆ ವಿಲಿಯಮ್ಸರಿಗೆ ಡಿಸ್ನಿ ಶೈಲಿಯ ಬಗ್ಗೆ ಅಷ್ಟೇನೂ ಆಸ್ಥೆಯಿರಲಿಲ್ಲ. ಆದರೆ ತೆರೆಯ ಮೇಲೆ ಶೇರ್ ಖಾನ್ ಹುಲಿ ನಡೆದುಬಂದ ರೀತಿಯನ್ನು ಕಂಡು ಅವರು ದಂಗಾದರು. ಆ ಹುಲಿಗೆ ಮೈಭಾರವಿತ್ತು. ಹೆಗಲಿನ ಮೂಳೆ ಚರ್ಮದಡಿಯಲ್ಲಿ ಏರಿಳಿಯುತ್ತಿತ್ತು. ಕಣ್ಣು ಹೊರಳಿದ ಬಳಿಕವೇ ಕುತ್ತಿಗೆ ಹೊರಳುತ್ತಿತ್ತು. ಇದನ್ನು ಹೇಗೆ ಮಾಡುತ್ತಾರೆ ಎಂಬುದೇ ತನಗೆ ತಿಳಿಯದು ಎಂಬ ಅರಿವು ಪ್ರಶಸ್ತಿ ವಿಜೇತನೊಬ್ಬನಿಗೆ ಆಗುವುದು ಸುಲಭದ ಸಂಗತಿಯಲ್ಲ. ಆದ ಬಳಿಕ ಅದನ್ನು ಒಪ್ಪಿಕೊಳ್ಳುವುದು ಇನ್ನೂ ಕಷ್ಟ. ವಿಲಿಯಮ್ಸ್ ಒಪ್ಪಿಕೊಂಡರು, ಮತ್ತು ಹಳಬರನ್ನು ಹುಡುಕಿಕೊಂಡು ಹೊರಟರು.

ಹಾಗೆ ಸಿಕ್ಕವರಲ್ಲಿ ಮೊದಲಿಗರು ಕೆನ್ ಹ್ಯಾರಿಸ್. ವಾರ್ನರ್ ಬ್ರದರ್ಸ್ ಸಂಸ್ಥೆಯಲ್ಲಿ ಚಕ್ ಜೋನ್ಸರ ನಿರ್ದೇಶನದಡಿ, ರೋಡ್ ರನ್ನರ್ ಹಕ್ಕಿಯನ್ನು ಬೆನ್ನಟ್ಟಿ ಸದಾ ಪ್ರಪಾತಕ್ಕೆ ಬೀಳುವ ಆ ಪೆದ್ದು ತೋಳಕ್ಕೆ ಚಲನೆ ಕೊಟ್ಟವರು. ವಿಲಿಯಮ್ಸರ ಲಂಡನ್ ಸ್ಟುಡಿಯೋಗೆ ಬಂದಾಗ ಹ್ಯಾರಿಸರಿಗೆ ಎಪ್ಪತ್ತು ಸಮೀಪಿಸಿತ್ತು. ಇಲ್ಲಿನ ವಿಚಿತ್ರವನ್ನು ಗಮನಿಸಬೇಕು: ಸಂಬಳ ಕೊಡುವ ಯಜಮಾನ ವಿಲಿಯಮ್ಸ್, ನೌಕರ ಹ್ಯಾರಿಸ್, ಆದರೆ ಶಿಷ್ಯ ವಿಲಿಯಮ್ಸ್, ಗುರು ಹ್ಯಾರಿಸ್. ಹ್ಯಾರಿಸ್ ಮುಖ್ಯ ಭಂಗಿಗಳನ್ನು ಬರೆದರೆ, ಅವುಗಳ ನಡುವಿನ ಚಿತ್ರಗಳನ್ನು ತುಂಬುವ ಸಹಾಯಕನಾಗಿ ಯಜಮಾನನೇ ಕುಳಿತುಕೊಳ್ಳುತ್ತಿದ್ದನು.

ಹೀಗೆ ಕೆಲವು ವರ್ಷಗಳು ಕಳೆದ ಮೇಲೆ ಒಂದು ದಿನ ಹ್ಯಾರಿಸ್, ನೀನೀಗ ಚಿತ್ರಗಳನ್ನು ಸರಿಯಾದ ಜಾಗದಲ್ಲಿ ಇಡತೊಡಗಿದ್ದೀಯೆ ಎಂದರಂತೆ. ಶಿಷ್ಯನಿಗೆ ಹಿಗ್ಗು. ಹಿರಿಯರು ತುಸು ಯೋಚಿಸಿ, ನೀನೊಬ್ಬ ಅನಿಮೇಟರ್ ಆಗಲೂಬಹುದು ಎಂದು ಸೇರಿಸಿದರು. ಜಗತ್ತಿನ ನಾನಾ ಕಡೆ ಬಹುಮಾನ ಪಡೆದವನಿಗೆ, ಸ್ವಂತ ಸ್ಟುಡಿಯೋದ ಒಡೆಯನಿಗೆ, ಆಗಬಹುದು ಎಂಬ ಮಾತು! ವಿಲಿಯಮ್ಸ್ ಈ ಪ್ರಸಂಗವನ್ನು ತಮ್ಮ ಪುಸ್ತಕದಲ್ಲಿ ತಾವೇ ಬರೆದುಕೊಂಡಿದ್ದಾರೆ. ಮೊದಲು ಆಘಾತವಾಯಿತು, ಬಳಿಕ ಮುದುಕ ಹೇಳಿದ್ದೇ ಸರಿಯೆಂದು ಹೊಳೆಯಿತು ಎಂಬುದು ಅವರ ಹೇಳಿಕೆಯ ಸಾರ. ಅದುವರೆಗೆ ತಾವು ಮಾಡುತ್ತಿದ್ದುದು ಬಗೆಬಗೆಯ ಶೈಲಿಯ ಚಿತ್ರಗಳನ್ನು ಅತ್ತಿತ್ತ ಅಲುಗಾಡಿಸುವ ಕೆಲಸ ಮಾತ್ರ ಎಂದು ಅವರಿಗೆ ಮನವರಿಕೆಯಾಯಿತು.

‘ಸರಿಯಾದ ಜಾಗ’ ಎಂದರೇನು? ಇದನ್ನು ಮನೆಯಲ್ಲಿಯೇ ಪರೀಕ್ಷಿಸಿ ನೋಡಬಹುದು. ಹಳೆಯ ನೋಟುಪುಸ್ತಕವೊಂದರ ಮೂಲೆಯಲ್ಲಿ, ಕೊನೆಯ ಹಾಳೆಯಿಂದ ಆರಂಭಿಸಿ ಹಾಳೆಗೊಂದರಂತೆ, ಪುಟಿಯುವ ಚೆಂಡಿನ ಚಿತ್ರ ಬರೆಯಿರಿ. ಕೆಳಗಿನ ಹಾಳೆಯ ಗೆರೆ ಮೇಲಿನ ಹಾಳೆಯಲ್ಲಿ ಮಸುಕಾಗಿ ಕಾಣುವುದರಿಂದ ಅಂದಾಜು ಸಿಗುತ್ತದೆ. ಇಪ್ಪತ್ತು ಇಪ್ಪತ್ತೈದು ಹಾಳೆ ಬರೆದು ಹೆಬ್ಬೆರಳಿನಿಂದ ಸರಸರನೆ ತಿರುವಿದರೆ ಚೆಂಡು ಚಲಿಸುತ್ತದೆ. ಮೊದಲ ಸಲ ಬರೆಯುವ ಮಗು ಬಹುತೇಕ ಚೆಂಡುಗಳನ್ನು ಸಮಾನ ಅಂತರದಲ್ಲಿಯೇ ಇಡುತ್ತದೆ. ಆಗ ಚೆಂಡು ಪುಟಿಯುವುದಿಲ್ಲ. ದಾರಕ್ಕೆ ಕಟ್ಟಿ ಎಳೆದಂತೆ ಜಾರುತ್ತದೆ. ನಿಜವಾದ ಚೆಂಡು ಎತ್ತರದ ತುದಿಯಲ್ಲಿ ನಿಧಾನಿಸುತ್ತದೆ. ಆದುದರಿಂದ ಅಲ್ಲಿ ಚಿತ್ರಗಳು ಒತ್ತೊತ್ತಾಗಿ ಇರಬೇಕು. ನೆಲಕ್ಕೆ ಧಾವಿಸುವಾಗ ವೇಗ ಹೆಚ್ಚುವುದರಿಂದ ಅಂತರವೂ ಹೆಚ್ಚಬೇಕು. ನೆಲಕ್ಕೆ ತಾಗಿದ ಒಂದು ಚಿತ್ರದಲ್ಲಿ ಮಾತ್ರ ಅದು ಚಪ್ಪಟೆಯಾಗಬೇಕು. ಹಾಗೆ ಚಪ್ಪಟೆಯಾಗುವಾಗ ಅಗಲಕ್ಕೆ ಹಿಗ್ಗಬೇಕು, ಇಲ್ಲವಾದರೆ ಚೆಂಡಿನಿಂದ ಗಾಳಿ ಹೋದಂತೆ ಕಾಣುತ್ತದೆ. ಎಂಟನೆಯ ತರಗತಿಯ ಭೌತವಿಜ್ಞಾನದ ಪಾಠವೊಂದು ಪೆನ್ಸಿಲ್ಲಿನ ತುದಿಗೆ ಬಂದು ಕುಳಿತಂತಾಯಿತು.

ಗ್ರಿಮ್ ನಾಟ್‌ವಿಕ್ ಎಂಬ ಮತ್ತೊಬ್ಬ ಹಿರಿಯರು ವಿಲಿಯಮ್ಸರಿಗೆ ಹೇಳಿದ್ದೂ ಇದನ್ನೇ: ಈ ಕಲೆಯೆಲ್ಲ ಕಾಲ ಮತ್ತು ಅಂತರ ಎಂಬ ಎರಡರಲ್ಲಿಯೇ ಇದೆ ಎಂದು. 1890ರಲ್ಲಿ ಹುಟ್ಟಿ ನೂರು ವರ್ಷ ಬದುಕಿದ ನಾಟ್‌ವಿಕ್, ಬೆಟ್ಟಿ ಬೂಪ್ ಪಾತ್ರವನ್ನು ಸೃಷ್ಟಿಸಿದವರು; 1937ರ ‘ಸ್ನೋ ವೈಟ್’ ಚಿತ್ರದ ರಾಜಕುಮಾರಿಗೆ ಜೀವ ತುಂಬಿದವರಲ್ಲೊಬ್ಬರು.

1973ರಲ್ಲಿ ವಿಲಿಯಮ್ಸ್ ಮತ್ತೊಂದು ಹೆಜ್ಜೆ ಮುಂದಿಟ್ಟರು. ಆರ್ಟ್ ಬ್ಯಾಬಿಟ್ ಎಂಬ ಹಿರಿಯರನ್ನು ಲಂಡನ್ನಿನ ಸೋಹೋ ಸ್ಕ್ವೇರಿನ ತಮ್ಮ ಸ್ಟುಡಿಯೋಗೆ ಕರೆಸಿ, ಒಂದು ತಿಂಗಳ ಕಾಲ ಪಾಠ ಹೇಳಿಸಿದರು. ದುಡಿಯುವ ಸಂಸ್ಥೆಯೊಂದು ತನ್ನ ನುರಿತ ಕೆಲಸಗಾರರನ್ನು ಪ್ರಾಥಮಿಕ ಪಾಠಕ್ಕೆ ಕೂರಿಸುವುದು ಸಣ್ಣ ಮಾತಲ್ಲ. ಬ್ಯಾಬಿಟ್ ಡಿಸ್ನಿಯ ಗೂಫಿ ಪಾತ್ರವನ್ನು ಬೆಳೆಸಿದವರು. ‘ಫ್ಯಾಂಟೇಸಿಯಾ’ ಚಿತ್ರದ ಅಣಬೆಗಳ ನೃತ್ಯ ಅವರದೇ. 1941ರಲ್ಲಿ ಡಿಸ್ನಿ ಸ್ಟುಡಿಯೋದಲ್ಲಿ ನಡೆದ ಪ್ರಸಿದ್ಧ ಮುಷ್ಕರದ ಮುಂಚೂಣಿಯಲ್ಲಿದ್ದು ಒಡೆಯನ ಕಡುಕೋಪಕ್ಕೆ ಗುರಿಯಾದವರೂ ಅವರೇ. ಜಗಳವಾಡಿ ಹೊರಬಂದವರ ಜೋಳಿಗೆಯಲ್ಲಿಯೇ ಆ ಮನೆಯ ವಿದ್ಯೆ ಕಡಲು ದಾಟಿತು ಎಂಬುದು ಕುತೂಹಲದ ಸಂಗತಿ.

ಇಂಥ ಪಾಠಗಳಲ್ಲಿ ಬಹಳ ಹೊತ್ತು ಹಿಡಿಯುವುದು ನಡಿಗೆ. ಎರಡು ಕಾಲಿನ ಪ್ರಾಣಿಯೊಂದು ಹತ್ತು ಹೆಜ್ಜೆ ನಡೆಯುವುದನ್ನು ತೋರಿಸಲು ಏನು ಕಷ್ಟ ಎಂದು ನಮಗೆ ಅನಿಸಬಹುದು. ಹೊಸಬನು ಬರೆದಾಗ ಕಾಲುಗಳು ಕತ್ತರಿಯಂತೆ ತೆರೆದು ಮುಚ್ಚುತ್ತವೆ, ತಲೆ ಮಾತ್ರ ಹಳಿಯ ಮೇಲಿಟ್ಟಂತೆ ಒಂದೇ ಎತ್ತರದಲ್ಲಿ ಸಾಗುತ್ತದೆ. ನಡೆಯುವ ಮನುಷ್ಯನನ್ನು ನೋಡಿ: ಹಿಮ್ಮಡಿ ನೆಲಕ್ಕೆ ತಾಗಿದ ಮರುಕ್ಷಣ ಮೊಣಕಾಲು ಬಾಗಿ, ಮೈಭಾರ ಆ ಕಾಲಿನ ಮೇಲೆ ಕುಸಿಯುತ್ತದೆ; ಮತ್ತೊಂದು ಕಾಲು ಪಕ್ಕದಿಂದ ಹಾದು ಮುಂದೆ ಹೋಗುವಾಗ ದೇಹ ಮೇಲೇರುತ್ತದೆ. ಏರು, ಇಳಿತ, ಮತ್ತೆ ಏರು. ಸಿನೆಮಾದಲ್ಲಿ ಸೆಕೆಂಡಿಗೆ 24 ಚಿತ್ರಗಳು. ಸಾಮಾನ್ಯ ನಡಿಗೆಯ ಒಂದು ಹೆಜ್ಜೆಗೆ ಸುಮಾರು 12. ಈ ಹನ್ನೆರಡರೊಳಗೆ ಭಾರ ಎಲ್ಲಿ ಇಳಿಯಿತು ಎಂಬುದನ್ನು ತೋರಿಸದಿದ್ದರೆ ಪಾತ್ರವು ನೆಲದ ಮೇಲೆ ತೇಲುತ್ತದೆ. ಬಲ್ಲವರ ಕಣ್ಣು ಅದನ್ನು ಒಂದೇ ನೋಟಕ್ಕೆ ಹಿಡಿಯುತ್ತದೆ. ಹೊಸಬನು ನೂರು ಸಲ ನೋಡಿದರೂ ತನ್ನದರಲ್ಲಿ ಏನು ಕೊರತೆ ಎಂದು ಅರಿಯನು. ಗುರುವಿನ ಅಗತ್ಯ ಇರುವುದು ಇಲ್ಲಿಯೇ.

ಗುರುಗಳೆಲ್ಲ ಮೃದುಭಾಷಿಗಳಾಗಿರಲಿಲ್ಲ. ಶೇರ್ ಖಾನ್ ಹುಲಿಯನ್ನು ಬರೆದ ಮಿಲ್ಟ್ ಕಾಲ್ ಸಿಡುಕಿಗೆ ಹೆಸರಾದವರು. ಕೆಲಸ ಮಾಡುವಾಗ ಶಾಸ್ತ್ರೀಯ ಸಂಗೀತ ಕೇಳುವುದುಂಟೇ ಎಂದು ವಿಲಿಯಮ್ಸ್ ಒಮ್ಮೆ ಕೇಳಿದಾಗ ಅವರು ಸಿಡಿದೆದ್ದರಂತೆ. ಇಷ್ಟು ಮೂರ್ಖ ಪ್ರಶ್ನೆಯನ್ನು ಕೇಳಿಯೇ ಇಲ್ಲ, ಒಂದೇ ಸಲಕ್ಕೆ ಎರಡು ವಿಷಯ ಯೋಚಿಸುವಷ್ಟು ಜಾಣ ನಾನಲ್ಲ ಎಂದರಂತೆ. ಜಗತ್ತಿನ ಅತಿ ಶ್ರೇಷ್ಠ ಅನಿಮೇಟರುಗಳಲ್ಲಿ ಒಬ್ಬರೆನಿಸಿದವರ ಬಾಯಲ್ಲಿ ಬಂದ ಮಾತಿದು. ಸಂಗೀತ ಕೇಳುತ್ತ ಕೆಲಸ ಮಾಡುವುದು ರೂಢಿಯಾಗಿದ್ದ ವಿಲಿಯಮ್ಸ್ ಅದನ್ನು ಬಿಟ್ಟರು. ಕೆಲಸ ಸುಧಾರಿಸಿತು ಎಂದೂ ಬರೆದರು. ಇಯರ್‌ಫೋನ್ ಸಿಕ್ಕಿಸಿಕೊಂಡು ಗಣಿತ ಬಿಡಿಸುವ ಮಕ್ಕಳಿರುವ ಮನೆಗಳಲ್ಲಿ ಈ ಪ್ರಸಂಗವನ್ನು ಗಟ್ಟಿಯಾಗಿ ಓದಬಹುದು.

ಬಲ್ಲವರ ಮುಂದೆ ಕೆಲಸವನ್ನಿಡುವ ಪದ್ಧತಿ ಡಿಸ್ನಿ ಸ್ಟುಡಿಯೋದಲ್ಲಿ 1930ರ ದಶಕದಲ್ಲಿಯೇ ಬೇರೂರಿತ್ತು. ಬ್ಯಾಬಿಟ್ ತಮ್ಮ ಮನೆಯಲ್ಲಿ ಸಹೋದ್ಯೋಗಿಗಳನ್ನು ಸೇರಿಸಿ, ಎದುರಿಗೆ ಜೀವಂತ ಮಾದರಿಯನ್ನಿಟ್ಟು ಚಿತ್ರ ಬರೆಯುವ ಅಭ್ಯಾಸ ಆರಂಭಿಸಿದ್ದರು. 1932ರಲ್ಲಿ ವಾಲ್ಟ್ ಡಿಸ್ನಿ ಅದನ್ನು ಸ್ಟುಡಿಯೋಗೆ ತಂದು, ಶೂನಾರ್ ಕಲಾಶಾಲೆಯ ಅಧ್ಯಾಪಕ ಡಾನ್ ಗ್ರಹಮರನ್ನು ನೇಮಿಸಿದರು. ಹಗಲೆಲ್ಲ ಸಂಬಳಕ್ಕಾಗಿ ಬರೆದವರು ಸಂಜೆ ವಿದ್ಯಾರ್ಥಿಗಳಾಗಿ ಕೂರುತ್ತಿದ್ದರು. ಪೆನ್ಸಿಲ್ ಚಿತ್ರಗಳನ್ನು ಶಾಯಿ ಬಣ್ಣಗಳಿಗೆ ಒಪ್ಪಿಸುವ ಮೊದಲೇ ಫಿಲ್ಮಿನಲ್ಲಿ ಸೆರೆಹಿಡಿದು, ಗಾಳಿಯಾಡದ ಪುಟ್ಟ ಕೋಣೆಯೊಂದರಲ್ಲಿ ಎಲ್ಲರೂ ಕುಳಿತು ನೋಡಿ ದೋಷ ಹುಡುಕುತ್ತಿದ್ದರು. ಆ ಕೋಣೆಗೆ ಅವರಿಟ್ಟ ಹೆಸರಿನ ಅರ್ಥ ‘ಬೆವರಿನ ಪೆಟ್ಟಿಗೆ’. ಬೆವರಿಗೆ ಸೆಕೆಯಷ್ಟೇ ಕಾರಣವಾಗಿರಲಿಲ್ಲ ಎಂಬುದನ್ನು ಊಹಿಸಬಹುದು.

ಈ ಪರಂಪರೆಯ ಒಂದು ಕವಲು ನಮ್ಮ ದೇಶಕ್ಕೂ ಬಂದಿದೆ. 1956ರಲ್ಲಿ ಕ್ಲೇರ್ ವೀಕ್ಸ್ ಎಂಬ ಡಿಸ್ನಿ ಕಲಾವಿದರು ಮುಂಬಯಿಗೆ ಬಂದು ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನ್ ವಿಭಾಗದಲ್ಲಿ ತರಬೇತಿ ನೀಡಿದರು. ಅವರು ಭಾರತದಲ್ಲಿಯೇ ಹುಟ್ಟಿದವರು, ಮಿಷನರಿ ದಂಪತಿಯ ಮಗ. ಅವರ ಮಾರ್ಗದರ್ಶನದಲ್ಲಿ ಜಾತಕ ಕಥೆಯೊಂದನ್ನು ಆಧರಿಸಿದ ‘ದ ಬನಿಯನ್ ಡೀರ್’ ಚಿತ್ರ 1957ರಲ್ಲಿ ಸಿದ್ಧವಾಯಿತು. ಅಲ್ಲಿ ಕಲಿತವರಲ್ಲೊಬ್ಬರು, ರಸಾಯನಶಾಸ್ತ್ರ ಓದಿಬಂದಿದ್ದ ರಾಮ್ ಮೋಹನ್. ಮುಂದೆ ಭಾರತೀಯ ಅನಿಮೇಷನ್ನಿನ ಪಿತಾಮಹ ಎನಿಸಿಕೊಂಡವರು ಅವರೇ. ಹಳೆಯ ದೂರದರ್ಶನದ ಕಾಲದಲ್ಲಿ ‘ಏಕ್ ಅನೇಕ್ ಔರ್ ಏಕತಾ’ ನೋಡಿ ಬೆಳೆದ ಹೆತ್ತವರಿಗೆ ಅವರ ಕೈಚಳಕ ಅಪರಿಚಿತವಲ್ಲ.

ಯಕ್ಷಗಾನದ ನೆಲದಲ್ಲಿರುವ ನಮ್ಮ ಮಕ್ಕಳಿಗೆ ಈ ಪಾಠಗಳು ಪೂರ್ತಿ ಹೊಸತೇನಲ್ಲ. ಧೀಂಗಿಣಕ್ಕೆ ಹಾರುವ ಮೊದಲು ವೇಷಧಾರಿ ಮೊಣಕಾಲು ಬಾಗಿಸಿ ಮೈ ಕುಗ್ಗಿಸುತ್ತಾನಲ್ಲ, ಅನಿಮೇಷನ್ ಕಲಿಸುವವರು ಅದಕ್ಕೇ ಪೂರ್ವಸೂಚನೆ ಎನ್ನುವುದು: ಮೇಲೇರುವ ಮುನ್ನ ಕೆಳಗಿಳಿಯಬೇಕು, ಹೊಡೆಯುವ ಮುನ್ನ ಕೈ ಹಿಂದಕ್ಕೆ ಹೋಗಬೇಕು. ಹೆಜ್ಜೆ ಕಲಿಸುವ ಗುರುಗಳೂ ತಪ್ಪಿದ ಹೆಜ್ಜೆಯಲ್ಲಿ ಮುಂದಕ್ಕೆ ಬಿಡುವುದಿಲ್ಲ, ಮೊದಲಿನಿಂದ ಎನ್ನುತ್ತಾರೆ. ಮನೆಯವರಾದ ನಾವು ಮಾಡುವುದೇ ಬೇರೆ. ಮಗು ತಂದು ತೋರಿಸಿದ್ದಕ್ಕೆಲ್ಲ ‘ಚಂದ ಉಂಟು’ ಎನ್ನುತ್ತೇವೆ. ಆ ಮಾತು ಬೇಡವೆಂದಲ್ಲ. ಮಗುವಿಗೆ ಅದು ಬೇಕು. ಆದರೆ ಅದರಿಂದ ಚೆಂಡು ಪುಟಿಯದು. ಹಾಗೆಂದು ‘ಇದು ಸರಿಯಿಲ್ಲ’ ಎಂಬ ಬರಿಯ ನಿಂದೆಯಿಂದಲೂ ಪುಟಿಯದು. ಹ್ಯಾರಿಸ್ ಮತ್ತು ಬ್ಯಾಬಿಟ್ ಅವರಂಥವರ ಮಾತಿಗೆ ಬೆಲೆ ಬಂದದ್ದು ಅವರು ಬೆರಳಿಟ್ಟು ತೋರಿಸುತ್ತಿದ್ದುದರಿಂದ: ಏಳನೆಯ ಚಿತ್ರ ಇನ್ನಷ್ಟು ಕೆಳಗಿರಲಿ, ಭಾರ ಇನ್ನೂ ಎಡಗಾಲಿಗೆ ಬಂದಿಲ್ಲ, ತಲೆ ಹೊರಳುವಾಗ ಗಲ್ಲ ನೇರವಾಗಿ ಸರಿಯದೆ ತುಸು ಬಾಗಿ ಹೋಗಲಿ. ಇಂಥ ತಿದ್ದುಪಡಿಯನ್ನು ಕೇಳಿದ ಮಗುವಿಗೆ ಆ ಹೊತ್ತು ಮುಖ ಸಣ್ಣದಾಗಬಹುದು. ಆದರೆ ಮಾಡಬೇಕಾದ ಕೆಲಸವೊಂದು ಅದರ ಕೈಗೆ ಸಿಕ್ಕಿರುತ್ತದೆ.

ವಿಲಿಯಮ್ಸರ ಮುಂದಿನ ದಾರಿ ಸುಗಮವೇನೂ ಆಗಿರಲಿಲ್ಲ. ಅವರು ನಿರ್ದೇಶಿಸಿದ ‘ಎ ಕ್ರಿಸ್ಮಸ್ ಕ್ಯಾರಲ್’ ಆಸ್ಕರ್ ಗಳಿಸಿತು. ಅವರು ಅನಿಮೇಷನ್ ನಿರ್ದೇಶಕರಾಗಿದ್ದ 1988ರ ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ ಅವರಿಗೆ ಮತ್ತೆರಡು ಆಸ್ಕರ್ ತಂದಿತು. ಆದರೆ 1964ರಲ್ಲಿ ಆರಂಭಿಸಿ, ಗುರುಗಳಿಂದ ಕಲಿತುದನ್ನೆಲ್ಲ ಸುರಿದ ‘ದ ಥೀಫ್ ಅಂಡ್ ದ ಕಾಬ್ಲರ್’ ಚಿತ್ರ ಎಷ್ಟು ತಿದ್ದಿದರೂ ತೃಪ್ತಿಯಾಗದೆ ಬೆಳೆಯುತ್ತಲೇ ಹೋಗಿ, 1992ರಲ್ಲಿ ಅವರ ಕೈತಪ್ಪಿತು. ಉಳಿದುದನ್ನು ಬೇರೆಯವರು ಹೇಗೋ ಮುಗಿಸಿದರು. ತಿದ್ದುವ ಹಂಬಲಕ್ಕೂ ಒಂದು ಬೆಲೆಯುಂಟು. ಆ ನಷ್ಟದ ಬಳಿಕ ಅವರು ಹಿರಿಯರಿಂದ ಪಡೆದ ಪಾಠಗಳನ್ನು ಊರೂರಿನ ಶಿಬಿರಗಳಲ್ಲಿ ಹೇಳಿಕೊಟ್ಟರು. 2001ರಲ್ಲಿ ‘ದಿ ಅನಿಮೇಟರ್ಸ್ ಸರ್ವೈವಲ್ ಕಿಟ್’ ಎಂಬ ಪುಸ್ತಕವಾಗಿ ಹೊರತಂದರು. ಚೆಂಡಿನಿಂದ ಹಿಡಿದು ನಡಿಗೆ, ಓಟ, ಮಾತಿನವರೆಗೆ ಎಲ್ಲವನ್ನೂ ಚಿತ್ರಸಹಿತ ವಿವರಿಸುವ ಆ ಗ್ರಂಥದಲ್ಲಿ ಯಾವ ಪಾಠ ಯಾರಿಂದ ಬಂದುದು ಎಂದು ಹೆಸರಿಸುವುದನ್ನು ಅವರು ಮರೆತಿಲ್ಲ. ಇಂದು ಕಂಪ್ಯೂಟರಿನಲ್ಲಿ ಕೆಲಸ ಮಾಡುವವರೂ ಅದನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾರೆ.

ತಮ್ಮ ಕಡೆಯ ವರ್ಷಗಳಲ್ಲಿ ಅವರು ಬ್ರಿಸ್ಟಲ್ ನಗರದ ಆರ್ಡ್‌ಮನ್ ಸ್ಟುಡಿಯೋದ ಒಂದು ಮೂಲೆಯಲ್ಲಿ ಕುಳಿತು, ‘ಪ್ರೊಲಾಗ್’ ಎಂಬ ಆರು ನಿಮಿಷದ ಚಿತ್ರವನ್ನು ಒಬ್ಬರೇ ಪೆನ್ಸಿಲಿನಿಂದ ಬರೆದರು. ಅದು ದೊಡ್ಡದೊಂದು ಚಿತ್ರದ ಮೊದಲ ಭಾಗ ಮಾತ್ರ. ಇಡೀ ಚಿತ್ರಕ್ಕೆ ‘ಇದನ್ನು ಮುಗಿಸುವವರೆಗೆ ಬದುಕಿರುವೆನೇ?’ ಎಂದು ಹೆಸರಿಡುವುದಾಗಿ ತಮಾಷೆ ಮಾಡುತ್ತಿದ್ದರು. 2016ರಲ್ಲಿ ಆ ಪುಟ್ಟ ಚಿತ್ರ ಆಸ್ಕರಿಗೆ ನಾಮನಿರ್ದೇಶನಗೊಂಡಾಗ ಅವರಿಗೆ 82 ವರ್ಷ. 2019ರ ಆಗಸ್ಟಿನಲ್ಲಿ ತೀರಿಕೊಳ್ಳುವವರೆಗೂ ಮುಂದಿನ ಭಾಗದ ಕೆಲಸ ನಡೆದೇ ಇತ್ತು.