ಬಿಚ್ಚದೆಯೇ ಬೇರಿಂಗ್ ಪರೀಕ್ಷೆ

ಮೋಟರ್ ತಿರುಗುತ್ತಿರುವಾಗಲೇ ಬೇರಿಂಗ್ ಕೂತಿರುವ ಕವಚಕ್ಕೆ ಉದ್ದನೆಯ ಸ್ಕ್ರೂಡ್ರೈವರ್ ತುದಿ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಕೇಳುವುದು ಮೆಕ್ಯಾನಿಕ್‌ಗಳ ಹಳೆಯ ಪದ್ಧತಿ. ಬೇರಿಂಗ್ ಸವೆದಿದ್ದರೆ ಗರಗರ ಸದ್ದು ಲೋಹದ ಮೂಲಕ ಹಾದು ಕಿವಿ ಮುಟ್ಟುತ್ತದೆ. ಇಂದಿನ ಕಾರ್ಖಾನೆಗಳ ಕಂಪನ ಪರೀಕ್ಷೆಯ ತತ್ವವೂ ಇದೇ. ಕಿವಿಯ ಬದಲು ಅಲ್ಲಿ ಕವಚಕ್ಕೆ ಅಂಟಿಸುವ ಪುಟ್ಟ ಸಂವೇದಕ ಇರುತ್ತದೆ. ಅದರೊಳಗಿನ ಹರಳನ್ನು ಅದುಮಿದರೆ ವಿದ್ಯುತ್ ಹುಟ್ಟುತ್ತದೆ. ಹರಳುಗಳ ಈ ಗುಣವನ್ನು 1880ರಲ್ಲಿ ತೋರಿಸಿಕೊಟ್ಟವರು ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು.

ದೋಷ ಎಲ್ಲಿದೆ ಎಂಬುದನ್ನು ಹೇಳುವುದು ಮಾತ್ರ ಲೆಕ್ಕ. ಎಲ್ಲೆಡೆ ಸಿಗುವ 6205 ನಂಬರಿನ ಬೇರಿಂಗನ್ನೇ ತೆಗೆದುಕೊಳ್ಳಿ. ಅದರಲ್ಲಿ 9 ಗುಂಡುಗಳಿರುತ್ತವೆ. ಒಳಬಳೆ ಶಾಫ್ಟ್ ಜೊತೆ ತಿರುಗುತ್ತದೆ, ಹೊರಬಳೆ ಕದಲುವುದಿಲ್ಲ. ಶಾಫ್ಟ್ ಒಂದು ಸುತ್ತು ಮುಗಿಸುವಷ್ಟರಲ್ಲಿ ನಡುವಿನ ಗುಂಡುಗಳ ಸಾಲು ಸುಮಾರು 0.4 ಸುತ್ತು ಸಾಗಿರುತ್ತದೆ. ಹಾಗಾಗಿ ಹೊರಬಳೆಯಲ್ಲಿ ಗುಳಿ ಬಿದ್ದಿದ್ದರೆ ಪ್ರತಿ ಸುತ್ತಿಗೆ ಅದರ ಮೇಲೆ ಸರಾಸರಿ 3.6 ಗುಂಡುಗಳು ಹಾಯುತ್ತವೆ. ಒಳಬಳೆಯಲ್ಲಿ ಬಿದ್ದಿದ್ದರೆ 5.4. ಶಾಫ್ಟ್ ನಿಮಿಷಕ್ಕೆ 1500 ಸುತ್ತು, ಅಂದರೆ ಸೆಕೆಂಡಿಗೆ 25 ಸುತ್ತು ತಿರುಗುತ್ತಿದ್ದರೆ, ಹೊರಬಳೆಯ ಗುಳಿ ಸೆಕೆಂಡಿಗೆ ಸುಮಾರು 90 ಪೆಟ್ಟು ಕೊಡುತ್ತದೆ, ಒಳಬಳೆಯದು ಸುಮಾರು 135. ತಿರುಗುವ ಭಾಗದ ತೂಕ ಒಂದೇ ಬದಿಗೆ ವಾಲಿದ್ದರೆ ಕಂಪನ 25ರಲ್ಲೇ ಏಳುತ್ತದೆ. ಜೋಡಿಸಿದ ಎರಡು ಶಾಫ್ಟ್‌ಗಳು ಒಂದೇ ನೇರದಲ್ಲಿ ಇಲ್ಲದಿದ್ದರೆ ಹಲವೊಮ್ಮೆ 50ರಲ್ಲಿ.

ಇವೆಲ್ಲ ಬೆರೆತೇ ಬರುತ್ತವೆ. ಬೆರೆತ ಕಂಪನವನ್ನು ಬಿಡಿಬಿಡಿಯಾಗಿಸುವ ಗಣಿತ ಫ್ರಾನ್ಸಿನ ಫೂರಿಯೆಯದು. ಕಂಪ್ಯೂಟರಿನಲ್ಲಿ ಅದನ್ನು ಬೇಗ ಮುಗಿಸುವ ವಿಧಾನವನ್ನು ಕೂಲಿ ಮತ್ತು ಟ್ಯೂಕಿ 1965ರಲ್ಲಿ ಪ್ರಕಟಿಸಿದರು. ಆದರೂ ಗುಳಿ ಚಿಕ್ಕದಿದ್ದಾಗ ಅದರ ಪೆಟ್ಟು ಉಳಿದ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಅದನ್ನು ಹೆಕ್ಕಲು ಬೇರೊಂದು ದಾರಿಯಿದೆ. ಪ್ರತಿ ಪೆಟ್ಟಿಗೂ ಲೋಹವು ಗಂಟೆಯಂತೆ ಸೆಕೆಂಡಿಗೆ ಸಾವಿರಾರು ಬಾರಿ ಮಿಡಿದು ತಣ್ಣಗಾಗುತ್ತದೆ. ನಿಧಾನದ ಕಂಪನಗಳನ್ನೆಲ್ಲ ಸೋಸಿ ತೆಗೆದು, ಈ ಮಿಡಿತ ಸೆಕೆಂಡಿಗೆ ಎಷ್ಟು ಸಲ ಮರುಕಳಿಸುತ್ತದೆಂದು ಎಣಿಸಿದರೆ 90 ಅಥವಾ 135 ಎದ್ದು ಕಾಣುತ್ತದೆ.

ಯಂತ್ರವನ್ನು ಬಿಚ್ಚಿ ನೋಡುವುದರಲ್ಲೂ ಅಪಾಯವಿದೆ. ಒಳಗೆ ಧೂಳು ಸೇರಬಹುದು. ಬೇರಿಂಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದರೆ ಹೊಸ ಗುಳಿಯೇ ಬೀಳಬಹುದು. ಬಿಚ್ಚದೆ ತಿಳಿಯುವ ಈ ವಿದ್ಯೆಯ ಬೆಲೆ ಅಲ್ಲಿದೆ. ಆದರೆ ಒಂದು ಸಲದ ಅಳತೆ ಸಾಲದು. ಯಂತ್ರ ಹೊಸದಿದ್ದಾಗಲೇ ಕಂಪನ ದಾಖಲಿಸಿ, ಆಮೇಲೆ ಅದೇ ಜಾಗದಲ್ಲಿ, ಅದೇ ವೇಗದಲ್ಲಿ ತಿಂಗಳು ತಿಂಗಳೂ ಅಳೆಯಬೇಕು. ದೋಷ ಯಾವಾಗ ಶುರುವಾಯಿತು, ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದು ಆಗ ಗೊತ್ತಾಗುತ್ತದೆ. ಬೇರಿಂಗ್ ಇನ್ನೂ ಓಡಲಿ ಅಥವಾ ಬದಲಿಸೋಣ ಎಂದು ಧೈರ್ಯವಾಗಿ ತೀರ್ಮಾನಿಸಲು ಬೇಕಾದ್ದು ಆ ದಾಖಲೆಯೇ.