ನಿಮಗಿದು ಗೊತ್ತೆ? ಹೆಗಲೇರಿದ ತ್ರೀ ನಾಟ್ ತ್ರೀ

ಹಿಂದೆ ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ್ದವರನ್ನು ಕೇಳಿ ನೋಡಿ, ‘ತ್ರೀ ನಾಟ್ ತ್ರೀ’ ರೈಫಲ್ಲಿನ ಭಾರವನ್ನು ಅವರ ಹೆಗಲು ಇನ್ನೂ ಮರೆತಿರುವುದಿಲ್ಲ. ಸುಮಾರು 4 ಕಿಲೋ ತೂಗುವ ಈ ಲೀ-ಎನ್‌ಫೀಲ್ಡ್ ಎರಡೂ ಮಹಾಯುದ್ಧಗಳನ್ನು ಕಂಡ ಬಂದೂಕು. ಹೆಸರು ಬ್ರಿಟನ್ನಿನ ಎನ್‌ಫೀಲ್ಡ್ ಕಾರ್ಖಾನೆಯದು; ಆದರೆ ಬಂಗಾಳದ ಇಶಾಪುರದಲ್ಲೂ ತಯಾರಾಗುತ್ತಿತ್ತು. ಮ್ಯಾಗಜೀನಿನಲ್ಲಿ 10 ಗುಂಡು. ಒಂದು ಹಾರಿಸಿದ ಮೇಲೆ ಬೋಲ್ಟನ್ನು ಕೈಯಿಂದಲೇ ಎತ್ತಿ, ಹಿಂದೆಳೆದು, ಮುಂದೆ ತಳ್ಳಿದರಷ್ಟೇ ಇನ್ನೊಂದು ಗುಂಡು ನಳಿಕೆಗೆ. ಕವಾಯತಿಗೆಂದು ಮೀಸಲಿಟ್ಟ ರೈಫಲ್ಲುಗಳನ್ನು ಗುಂಡು ಹಾರದಂತೆ ಮಾಡಿರುತ್ತಿದ್ದರು. ಗುರಿ ಅಭ್ಯಾಸಕ್ಕೆ ಹೆಚ್ಚಾಗಿ ಸಿಗುತ್ತಿದ್ದುದು ಪಾಯಿಂಟ್ 22 ರೈಫಲ್: ಅದರ ಒದೆತ ಕಡಿಮೆ, ಗುಂಡು ಅಗ್ಗ, 25 ಮೀಟರಿನ ರೇಂಜ್ ಇದ್ದರೆ ಸಾಕು. ಹದಿಹರೆಯದ ಭುಜಕ್ಕೆ ಅದೇ ತಕ್ಕದ್ದು.

ಹೃದಯನಾಥ ಕುಂಜ್ರು ಸಮಿತಿಯ ಶಿಫಾರಸಿನಂತೆ 1948ರಲ್ಲಿ ಎನ್‌ಸಿಸಿ ಹುಟ್ಟಿತು. ಚೀನಾ ಯುದ್ಧದ ಬೆನ್ನಿಗೇ, 1963ರಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕಡ್ಡಾಯವಾಗಿ, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಮನಸ್ಸಿಟ್ಟು ಬರುವವರಿಗೇ ಈ ತರಬೇತಿ ದಕ್ಕುವುದರಿಂದ ಅದು ಒಳ್ಳೆಯ ನಿರ್ಧಾರವೇ. ಬಾಲಕಿಯರ ವಿಭಾಗವಂತೂ 1949ರಲ್ಲೇ ಶುರುವಾಗಿತ್ತು. ಆ ಕಾಲಕ್ಕೆ ಅದು ನಿಜಕ್ಕೂ ದಿಟ್ಟ ಹೆಜ್ಜೆ.